ಊರ ಹೊರಗಿನ ಗುಡಿಸಲು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದೆ ನಮ್ಮ ಬೆಳಗಾವಿ, ಧಾರವಾಡ ಸೀಮೆಗೂ ಹಬ್ಬಿತು. ಇಲಿ ಸತ್ತು ಬಿದ್ದೊಡನೆ ಜನ ಊರು ತೊರೆದು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ರೋಗವನ್ನು ಹರಡುತ್ತಿದ್ದುದು ಇಲಿಯ ಮೈಮೇಲಿನ ಚಿಗಟವಾದುದರಿಂದ ಅದು ಸರಿಯಾದ ಉಪಾಯವೇ. ಆದರೆ ಹೊಲವಿಲ್ಲದವನು ಗುಡಿಸಲು ಹಾಕುವುದೆಲ್ಲಿ? ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ನಾನು ಹಿರಿಯರಿಂದ ಕೇಳಿದ ಕಥೆಗಳೆಲ್ಲ ಗುಡಿಸಲಿಗೆ ಹೋದವರವು. ಊರಲ್ಲೇ ಉಳಿದವರ ಹೆಸರು ಅವುಗಳಲ್ಲಿ ಬರುತ್ತಿರಲಿಲ್ಲ.

1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗೆ ಅಧಿಕಾರವನ್ನು ಕೊಟ್ಟಿತು. ಕೂಲಿ ತಪ್ಪಿದವನಿಗೆ ಕಾಳು ಕೊಡುವ ಮಾತು ಅದರಲ್ಲಿರಲಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗಲೂ ಸರಕಾರ ಮೊದಲು ಕೈಗೆತ್ತಿಕೊಂಡದ್ದು ಅದೇ ಕಾಯಿದೆಯನ್ನು. ಮರುವರ್ಷದ ಮೇ ತಿಂಗಳಲ್ಲಿ, ಹದಿನೆಂಟರಿಂದ ನಲವತ್ತನಾಲ್ಕರ ವಯಸ್ಸಿನವರು ಲಸಿಕೆಯ ಸರದಿಯನ್ನು ಅಂತರ್ಜಾಲದಲ್ಲಿಯೇ ಕಾದಿರಿಸಬೇಕಾಯಿತು. ಸ್ಮಾರ್ಟ್‌ಫೋನಿಲ್ಲದ ಕೂಲಿಕಾರನಿಗೆ ಅದೂ ಒಂದು ಹೊಲವೇ. ಮನೆಬಾಗಿಲಿಗೇ ಲಸಿಕೆ ಒಯ್ಯುವ ಅಭಿಯಾನ ದೇಶಾದ್ಯಂತ ಆರಂಭವಾದದ್ದು ನವೆಂಬರಿನಲ್ಲಿ. ಎರಡನೆಯ ಅಲೆ ಅಷ್ಟರಲ್ಲಿ ಬಂದು ಹೋಗಿತ್ತು.