ಹೊಸ ಮನೆಯ ಹಿತ್ತಲು: ಮೊದಲು ಮಣ್ಣು, ಆಮೇಲೆ ಬೀಜ

ಹಳೆಯ ಮನೆಯ ಹಿತ್ತಲಿನಲ್ಲಿ ಎಸೆದ ಕುಂಬಳದ ಬೀಜವೂ ಬಳ್ಳಿಯಾಗಿ ಸೂರಿಗೆ ಹಬ್ಬುತ್ತದೆ. ಅದೇ ಮನೆಯವರು ಹೊಸ ಮನೆ ಕಟ್ಟಿ ಹೋದರೆ, ಅಲ್ಲಿ ಹಣ ಕೊಟ್ಟು ತಂದ ಬೀಜವೂ ಏಳುವುದಿಲ್ಲ. ಬೀಜವನ್ನು ದೂರುವವರೇ ಹೆಚ್ಚು. ಆದರೆ ಬಹುಪಾಲು ಕೊರತೆ ಮಣ್ಣಿನದು. ಹಳೆಯ ಹಿತ್ತಲಿಗೆ ಸಗಣಿ, ಬೂದಿ, ಕಸಕಡ್ಡಿ ತಲೆಮಾರುಗಳಿಂದ ಬಿದ್ದಿರುತ್ತವೆ. ೧೯೭೯ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದು ಹಳ್ಳಿಗಳು ಮುಳುಗಿದಾಗ, ಒಕ್ಕಲುಗಳು ಹೊಲಗದ್ದೆಗಳ ಜೊತೆಗೆ ಇಂತಹ ಹಿತ್ತಲುಗಳನ್ನೂ ಬಿಟ್ಟು ಬರಬೇಕಾಯಿತು.

ಹೊಸ ನಿವೇಶನದಲ್ಲಿ ಪಾಯ ತೋಡಿದ ಅಡಿಮಣ್ಣು ಮೇಲೆ ಹರಡಿರುತ್ತದೆ. ಅದರಲ್ಲಿ ಸಾವಯವ ಅಂಶ ಅತ್ಯಲ್ಪ. ಗಾರೆ, ಸಿಮೆಂಟು ಬೆರೆತಲ್ಲಿ ಮಣ್ಣು ಕ್ಷಾರವಾಗಿ, ಬೇರಿಗೆ ಕಬ್ಬಿಣದ ಅಂಶ ದೊರೆಯದೆ ಎಳೆಯ ಎಲೆ ಹಳದಿಯಾಗುತ್ತದೆ; ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅಂತಹ ಜಾಗಕ್ಕೆ ಬೂದಿ ಹಾಕಬಾರದು. ಹೊಲದ ಮೇಲ್ಮಣ್ಣು ತಂದು ತುಂಬುವುದಾದರೆ ಆಲೂಗಡ್ಡೆ ಬೆಳೆದ ಹೊಲದ್ದು ಬೇಡವೇ ಬೇಡ. ದುಂಡಾಣು ಸೊರಗು ರೋಗ ಮಣ್ಣಿನೊಂದಿಗೇ ಬಂದು ಟೊಮ್ಯಾಟೊ, ಬದನೆಯನ್ನು ಹಿಡಿಯುತ್ತದೆ. ನಮ್ಮ ಹಾಸನ ಸೀಮೆಯಲ್ಲಿ ಈ ಎಚ್ಚರ ಅತ್ಯವಶ್ಯ.

ಮೊದಲ ವರ್ಷ ೩ ಮೀಟರ್ ಉದ್ದ, ೧ ಮೀಟರ್ ಅಗಲದ ಎರಡು ಮಡಿ ಸಾಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ, ಗಾರೆ-ಇಟ್ಟಿಗೆ ಚೂರು ಆರಿಸಿ, ೩೦ ಸೆಂ.ಮೀ. ಆಳ ಅಗೆದು, ಮಡಿಯೊಂದಕ್ಕೆ ೧೫ರಿಂದ ೨೦ ಕಿ.ಗ್ರಾಂ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿರಿ. ಕೆರೆಗೋಡು ಸಿಕ್ಕಿದರೆ ಇನ್ನೂ ಒಳ್ಳೆಯದು. ಉಳಿದ ಜಾಗಕ್ಕೆ ಮುಂಗಾರಿನಲ್ಲಿ ಅಪ್ಸೆಣಬು ಅಥವಾ ಹುರುಳಿ ಚೆಲ್ಲಿ, ಸುಮಾರು ೪೫ ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಮಣ್ಣಿಗೆ ಮಗುಚಿದರೆ ಮುಂದಿನ ಮಡಿಗಳು ತಾವೇ ಸಿದ್ಧವಾಗುತ್ತವೆ.

ಅರಕಲಗೂಡಿನ ಮಳೆ ಹೆಚ್ಚಿನ ಪಶ್ಚಿಮ ಭಾಗದಲ್ಲಿ ಮಡಿ ೧೫ ಸೆಂ.ಮೀ. ಎತ್ತರವಿರಲಿ. ಹೊಳೆನರಸೀಪುರದ ನಾಲೆ ಬಯಲಿನಲ್ಲಿ ಬಸಿಗಾಲುವೆ ಬೇಕು. ಚನ್ನರಾಯಪಟ್ಟಣದ ಕಡೆ ಇದಕ್ಕೆ ವಿರುದ್ಧ: ಮಡಿ ತಗ್ಗಿನಲ್ಲಿರಲಿ, ಮೇಲೆ ತೆಂಗಿನ ಗರಿಯ ಮುಚ್ಚಿಗೆ ಇರಲಿ.

ಮೊದಲ ಬೆಳೆ ಸೊಪ್ಪು. ದಂಟು, ಹರಿವೆ ೨೫-೩೦ ದಿನಕ್ಕೆ ಕೊಯ್ಲಿಗೆ ಬರುತ್ತವೆ, ಮಣ್ಣಿನ ಹದವನ್ನೂ ತಿಳಿಸುತ್ತವೆ. ಬೀಜ ಸಣ್ಣದಾದ್ದರಿಂದ ಮರಳು ಬೆರೆಸಿ ಚೆಲ್ಲಬೇಕು. ನಂತರ ಅವರೆ. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-೪ಕ್ಕೆ ಆ ಕಟ್ಟಿಲ್ಲ. ಸೊಗಡು ಬೇಕೆನ್ನುವವರು ಬೇಲಿಗೆ ನಾಟಿಯನ್ನೇ ಹಬ್ಬಿಸಲಿ, ಅದರ ರುಚಿಯೇ ಬೇರೆ! ನುಗ್ಗೆ, ಕರಿಬೇವು ಉತ್ತರದ ಅಂಚಿಗಿರಲಿ, ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಮಡಿಗೆ ನೆರಳಾಗದು. ಬಚ್ಚಲ ನೀರು ಬಾಳೆ, ಕೆಸುವಿಗೆ ಹೋಗಲಿ; ಸೋಪಿನ ಪುಡಿಯ ನೀರನ್ನು ಸೊಪ್ಪಿಗೆ ಬಿಡಬೇಡಿ.

ಅವರೆಗೆ ಹೇನು ಬಂದರೆ ನೀರು ರಭಸವಾಗಿ ಎರಚಿ ತೊಳೆಯಿರಿ, ತಗ್ಗದಿದ್ದರೆ ಶೇ. ೫ರ ಬೇವಿನ ಬೀಜದ ಕಷಾಯ ಸಿಂಪಡಿಸಿರಿ. ಆಲೂಗಡ್ಡೆಗೆಂದು ತಂದು ಉಳಿದ ಔಷಧಿಯನ್ನು ಹಿತ್ತಲಿಗೆ ಹೊಡೆಯುವ ರೂಢಿ ಕೆಲವೆಡೆ ಇದೆ. ಇಂದು ಹೊಡೆದದ್ದನ್ನು ನಾಳೆ ಮಕ್ಕಳ ತಟ್ಟೆಗೆ ಕೊಯ್ಯುವ ಜಾಗ ಇದು. ಆ ಡಬ್ಬಿ ಹಿತ್ತಲಿಗೆ ಬರಕೂಡದು.