ರಾತ್ರಿ ಗದ್ದೆಗಿಳಿಯುವ ಸಿಳ್ಳೆಬಾತು

ಕತ್ತಲಾದ ಮೇಲೆ ಸಣ್ಣಗೆ ಸಿಳ್ಳೆ ಹಾಕುತ್ತಾ ಗದ್ದೆಗಿಳಿಯುವ ಹಕ್ಕಿಗಳನ್ನು ನಮ್ಮ ಕಾಸರಗೋಡಿನ ಬೈಲುಗಳ ರೈತರು ಬಲ್ಲರು. ಅವೇ ಸಿಳ್ಳೆಬಾತುಗಳು. ಸಾಕುಬಾತಿಗಿಂತ ಚಿಕ್ಕವು, ಕಂದು ಮೈ, ತೂಕ ಸುಮಾರು ಅರ್ಧ ಕಿಲೋ. ನಮ್ಮ ದೇಶದಿಂದ ಇಂಡೋನೇಷ್ಯದವರೆಗೂ ಕೆರೆ, ಜೌಗು, ಗದ್ದೆಗಳಲ್ಲಿ ಇವುಗಳ ವಾಸ.

ಹಗಲು ಕೆರೆಯಲ್ಲಿ ಗುಂಪಾಗಿ ವಿಶ್ರಮಿಸಿ ರಾತ್ರಿ ಮೇಯಲು ಹೊರಡುತ್ತವೆ. ನೀರುಗಿಡ, ಬೀಜ, ಬಸವನಹುಳು, ಸಣ್ಣ ಮೀನು ಇವುಗಳ ಆಹಾರ. ಬಿತ್ತಿದ ಭತ್ತವನ್ನೂ ತಿನ್ನುತ್ತವೆ. ಅದನ್ನು ನಾವು ಮರೆಮಾಚುವುದಿಲ್ಲ. ಬಾತು ಎಂದಮಾತ್ರಕ್ಕೆ ನೀರಿನಲ್ಲೇ ಇರುತ್ತದೆಂದು ತಿಳಿಯಬೇಡಿ. ಇದು ಮರದ ಕೊಂಬೆಯಲ್ಲೂ ಕೂರುತ್ತದೆ. ಹಳೆಯ ಮರದ ಪೊಟರೆಯಲ್ಲೋ, ಕಾಗೆ ಕೊಕ್ಕರೆಗಳು ಬಿಟ್ಟ ಗೂಡಿನಲ್ಲೋ, ನೀರಂಚಿನ ಹುಲ್ಲಿನಲ್ಲೋ 7ರಿಂದ 12 ಮೊಟ್ಟೆ ಇಡುತ್ತದೆ. ಗಂಡೂ ಕಾವು ಕೂರುತ್ತದೆ. ಬಾತುಗಳಲ್ಲಿ ಇದು ಅಪರೂಪ. ಟೊಳ್ಳು ಮರವೆಂದು ಕಡಿದರೆ ಒಂದು ಸಂಸಾರವೇ ಹೋಯಿತು.

ಬೆಳೆ ಉಳಿಸಲೆಂದು ಭತ್ತಕ್ಕೆ ವಿಷ ಬೆರೆಸಿಡುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ನಮಗೆ ಅದಕ್ಕಿಂತ ಹೆಚ್ಚಿನ ಭಯ ಬೇರೆಯೇ ಇದೆ. ವಿಷ ತಿಂದ ಬಾತು ಹಾರಿಹೋಗಿ ಇನ್ನೆಲ್ಲೋ ಬಿದ್ದು ಯಾರದೋ ಮನೆಯ ಪಾತ್ರೆ ಸೇರಬಹುದು. ಬೇಯಿಸಿದ ಮಾತ್ರಕ್ಕೆ ವಿಷ ಇಳಿಯುವುದಿಲ್ಲ. ಬಿತ್ತಿದ ಮೊದಲ ದಿನಗಳಲ್ಲಿ ನೀರು ಬಸಿದಿಟ್ಟು, ರಾತ್ರಿ ಡಬ್ಬ ಬಡಿದು ಓಡಿಸಿ ನೋಡಿ. ನೇಜಿ ನೆಟ್ಟ ಗದ್ದೆಗಳಲ್ಲಿ ತಿನ್ನಲು ಬೀಜವೇ ಇರುವುದಿಲ್ಲ.

2014ರಲ್ಲಿ ಕುಟ್ಟನಾಡಿನ ಸಾಕುಬಾತುಗಳಿಗೆ ಹಕ್ಕಿಜ್ವರ ಬಂದದ್ದು ನೆನಪಿರಬಹುದು. ಆದ್ದರಿಂದ ಸತ್ತ ಬಾತು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ನಾಯಿಗೂ ಹಾಕಬೇಡಿ. ಹತ್ತಿರದ ಪಶುವೈದ್ಯರಿಗೆ ತಿಳಿಸಿರಿ.