ಗರಿಗರಿ ಕೇಳಿಸುವುದೋ, ರುಚಿಸುವುದೋ?

ಚಿಪ್ಸ್ ಗರಿಗರಿಯಾಗಿದೆಯೋ ಮೆತ್ತಗಾಗಿದೆಯೋ ಎಂದು ತೀರ್ಮಾನಿಸುವುದು ಬರೀ ಹಲ್ಲು, ನಾಲಿಗೆಯಲ್ಲ. ಕಿವಿಗೂ ಅದರಲ್ಲಿ ಪಾಲಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸ್ಪೆನ್ಸ್ ಹಾಗೂ ಸಂಗಡಿಗ ಮ್ಯಾಸಿಮಿಲಿಯಾನೊ ಜಾಂಪಿನಿ ಇದನ್ನು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದರು. ಆಯ್ದುಕೊಂಡಿದ್ದು ಪ್ರಿಂಗಲ್ಸ್ ಚಿಪ್ಸ್, ಒಂದೊಂದೂ ಅಚ್ಚಿನಲ್ಲಿ ಒತ್ತಿದಂತೆ ಒಂದೇ ಆಕಾರ ನೋಡಿ! ಮೈಕಿನ ಮುಂದೆ ಕೂತು ಮುಂಬಲ್ಲಿನಿಂದ ‘ಕರುಂ’ ಎಂದು ಕಡಿದರೆ, ಆ ಸದ್ದು ಆ ಕ್ಷಣವೇ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಸದ್ದಿನ ಕೀಚಲು ಭಾಗವನ್ನು ಏರಿಸಿದಾಗ ಚಿಪ್ಸ್ ತಾಜಾ ಅನ್ನಿಸಿತು, ತಗ್ಗಿಸಿದಾಗ ಹಳಸಲು. ಕಡಿದವರಲ್ಲಿ ಬಹುತೇಕರು ಬೇರೆ ಬೇರೆ ಪೊಟ್ಟಣದಿಂದ ಕೊಡುತ್ತಿದ್ದಾರೆಂದೇ ನಂಬಿದ್ದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಮೀಸಲಾದ ಇಗ್‌ನೊಬೆಲ್ ಬಹುಮಾನ 2008ರಲ್ಲಿ ಇವರಿಬ್ಬರಿಗೆ ಸಿಕ್ಕಿತು, ಅದೂ ಪೋಷಣೆಯ ವಿಭಾಗದಲ್ಲಿ!